ಸೂಜಿ ಚುಚ್ಚಿದ ಜಾಗ ಏಕೆ ನೋಯುತ್ತದೆ?

ಶಿಡ್ಲಘಟ್ಟದಲ್ಲಿ ದಿನವಿಡೀ ಬಿಸಿನೀರಿನ ಮುಂದೆ ಕೂತು ರೇಷ್ಮೆ ನೂಲು ಬಿಚ್ಚುವವರಿಗೆ, ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸು ಹೊರುವವರಿಗೆ ಸಂಜೆಯಾದರೆ ಮೈಕೈ ನೋವು. ‘ಒಂದು ಶಕ್ತಿ ಸೂಜಿ ಬಿದ್ದರೆ ಸರಿಹೋಗುತ್ತೆ’ ಎಂಬ ಮಾತು ಇಂಥ ಕಡೆ ಸಾಮಾನ್ಯ. ಪರೀಕ್ಷೆ ಹತ್ತಿರವಾದಾಗ ಓದುವ ಮಕ್ಕಳಿಗೂ ಅದೇ ಉಪಚಾರ. ಔಷಧಿ ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ಅಥವಾ ಬಿ12 ತಂದು, ಮನೆಯಲ್ಲೇ ತಾವೇ ಚುಚ್ಚಿಕೊಳ್ಳುವವರೂ ಉಂಟು. ಮರುದಿನ ತೋಳು ಎತ್ತಲಾಗದು. ‘ನೋವು ಬಂತೆಂದರೆ ಮದ್ದು ಹತ್ತಿತು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲ.

ನೋವಿನ ಮೂಲ ರಸಾಯನಶಾಸ್ತ್ರದಲ್ಲಿದೆ. ಬಿ-ಕಾಂಪ್ಲೆಕ್ಸ್‌ನಲ್ಲಿರುವ ಥಯಾಮಿನ್, ಅಂದರೆ ಬಿ1, ಪ್ರತ್ಯಾಮ್ಲೀಯ ದ್ರಾವಣದಲ್ಲಿ ಬೇಗ ಕೆಡುತ್ತದೆ. ಕೆಡದಿರಲೆಂದು ದ್ರಾವಣವನ್ನು ಆಮ್ಲೀಯವಾಗಿ ಇಡುತ್ತಾರೆ. ನಮ್ಮ ರಕ್ತದ ಪಿಎಚ್ ಸುಮಾರು 7.4. ಅದಕ್ಕೆ ಹೊಂದದ ಆಮ್ಲ ಸ್ನಾಯುವಿನೊಳಗೆ ಹೋದರೆ, ಗಾಯದ ಮೇಲೆ ನಿಂಬೆರಸ ಬಿದ್ದ ಹಾಗೆ ಉರಿಯುತ್ತದೆ. ಜೊತೆಗೆ ಒಂದೆರಡು ಮಿಲಿಲೀಟರ್ ದ್ರವ ಸ್ನಾಯುವಿನ ಎಳೆಗಳನ್ನು ಸರಿಸಿ ಜಾಗ ಮಾಡಿಕೊಳ್ಳಬೇಕು. ಸೂಜಿಯ ಗಾಯವೂ ಇದೆ. ಅದನ್ನು ಸರಿಪಡಿಸಲು ದೇಹ ಅಲ್ಲಿಗೆ ರಕ್ತ ಹರಿಸುತ್ತದೆ, ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಜಾಗ ಊದಿ ಮುಟ್ಟಿದರೆ ನೋಯುತ್ತದೆ. ಎಣ್ಣೆಯಲ್ಲಿ ಕರಗಿಸಿದ ಡಿ ವಿಟಮಿನ್ ಆದರೆ ಹೀರಿಕೆ ಇನ್ನೂ ನಿಧಾನ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಮದ್ದು, ಆರದ ಸ್ಪಿರಿಟ್ಟು, ಹೆದರಿ ಬಿಗಿಹಿಡಿದ ತೋಳು, ಅವಸರದಲ್ಲಿ ಒತ್ತುವ ಕೈ, ಇವು ನೋವನ್ನು ಹೆಚ್ಚಿಸುತ್ತವೆ.

ಈ ಬಗೆಯ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯುವ ಬದಲು ಏರಿದರೆ, ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಒಳಗೆ ಕೀವು ಕಟ್ಟುತ್ತಿರಬಹುದು. ಪೃಷ್ಠದ ಚುಚ್ಚುಮದ್ದಿನಲ್ಲಿ ಬೇರೊಂದು ಅಪಾಯವಿದೆ. ಕಾಲಿಗೆ ಹೋಗುವ ದೊಡ್ಡ ನರ ಅಲ್ಲೇ ಹಾದುಹೋಗುತ್ತದೆ. ತನ್ನ ಬೆನ್ನ ಹಿಂದೆ ತಾನೇ ನೋಡಲಾಗದವನು ಅಂದಾಜಿನಲ್ಲಿ ಚುಚ್ಚಿಕೊಂಡು ಆ ನರಕ್ಕೆ ಪೆಟ್ಟಾದರೆ ಕರೆಂಟು ಹೊಡೆದಂತೆ ಕಾಲುದ್ದಕ್ಕೂ ನೋವು ಹರಿಯುತ್ತದೆ. ಪಾದ ಎತ್ತಲಾಗದೆ ಶಾಶ್ವತವಾಗಿ ಕುಂಟುವ ಸ್ಥಿತಿಯೂ ಬರಬಹುದು. ಥಯಾಮಿನ್‌ ಚುಚ್ಚುಮದ್ದಿನಿಂದ ಅಪರೂಪಕ್ಕೆ ತೀವ್ರ ಅಲರ್ಜಿಯಾಗಿ ನಿಮಿಷಗಳಲ್ಲೇ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಇರುತ್ತದೆ, ಮನೆಯಲ್ಲಿ ಏನಿರುತ್ತದೆ? ಒಂದೇ ಸಿರಿಂಜನ್ನು ಮನೆಮಂದಿಯೆಲ್ಲ ಬಳಸುವ ಉಳಿತಾಯವಂತೂ ಬೇಡವೇ ಬೇಡ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯಲ್ಲಿ ಹಲವರಿಗೆ ಎಚ್‌ಐವಿ ಸೋಂಕು ತಗಲಿದ್ದು ಒಂದೇ ಸಿರಿಂಜಿನ ಮರುಬಳಕೆಯಿಂದ ಎಂದು ಅಲ್ಲಿನ ಆರೋಗ್ಯಾಧಿಕಾರಿಗಳು ಹೇಳಿದ್ದರು.

ಇಷ್ಟಕ್ಕೂ ಸೂಜಿ ಬೇಕೇ? 1948ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಯಕೃತ್ತಿನಿಂದ ಬೇರ್ಪಡಿಸಿದ ಬಿ12 ಕೆಂಪು ಹರಳಿನ ವಸ್ತು. ಅದರಲ್ಲಿ ಕೋಬಾಲ್ಟ್ ಇದೆ. ದಿನಕ್ಕೆ ನಮಗೆ ಬೇಕಾದದ್ದು ಸುಮಾರು 2 ಮೈಕ್ರೊಗ್ರಾಂ ಮಾತ್ರ. 1000 ಮೈಕ್ರೊಗ್ರಾಂ ಚುಚ್ಚಿಕೊಂಡರೆ ಬಹುಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ಬಿ-ಕಾಂಪ್ಲೆಕ್ಸ್ ತೆಗೆದುಕೊಂಡಾಗ ಮೂತ್ರ ಗಾಢ ಹಳದಿಯಾಗುವುದೂ ಹೆಚ್ಚಾದ ಬಿ2 ಹೊರಬೀಳುವುದರಿಂದಲೇ. ಕೊಟ್ಟ ದುಡ್ಡು ಹರಿದುಹೋಗುವುದು ಕಣ್ಣಿಗೇ ಕಾಣುತ್ತದೆ. ಅಷ್ಟೇ ಪ್ರಮಾಣದ ಮಾತ್ರೆ ನುಂಗಿದರೆ, ಹೀರಿಕೆಯ ಸಹಜ ವ್ಯವಸ್ಥೆ ಕೆಟ್ಟವರಲ್ಲೂ ನೂರಕ್ಕೆ ಒಂದು ಪಾಲು ರಕ್ತ ಸೇರುತ್ತದೆ. ಅಂದರೆ 10 ಮೈಕ್ರೊಗ್ರಾಂ, ನೋವಿಲ್ಲದೆ. ತೀವ್ರ ಕೊರತೆಯಿಂದ ಕೈಕಾಲು ಜೋಮು ಹಿಡಿದವರಿಗೆ, ಜಠರದ ಶಸ್ತ್ರಚಿಕಿತ್ಸೆ ಆದವರಿಗೆ ವೈದ್ಯರು ಸೂಜಿಯನ್ನೇ ಬರೆಯಬಹುದು. ಅದು ಬೇರೆ ಮಾತು. ರಾಗಿಮುದ್ದೆ, ಹುರುಳಿ ಸಾರು ಎಷ್ಟು ಒಳ್ಳೆಯದಾದರೂ ಅದರಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿದೆ. ಅನುಮಾನವಿದ್ದರೆ ಸೂಜಿಗೆ ಮೊದಲೇ ರಕ್ತಪರೀಕ್ಷೆ ಆಗಬೇಕು. ಚುಚ್ಚಿಕೊಂಡ ಮೇಲೆ ಮಟ್ಟ ಏರಿ ನಿಜವಾದ ಕೊರತೆ ಮರೆಯಾಗುತ್ತದೆ.

ಮೈಕೈ ನೋವಿಗೆಲ್ಲ ವಿಟಮಿನ್ ಕೊರತೆಯೇ ಕಾರಣವೂ ಅಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಆಳದ ಬೋರ್‌ವೆಲ್ ನೀರನ್ನು ನೆಚ್ಚಿದ ಹಳ್ಳಿಗಳು ಬಹಳ. ಈ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ, ದೊಡ್ಡವರ ಬೆನ್ನು, ಮಂಡಿಯಲ್ಲಿ ಬಿಗಿತ. ಎಷ್ಟು ಬಿ12 ಚುಚ್ಚಿದರೂ ಈ ಬಿಗಿತ ಸಡಿಲವಾಗದು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇಂಥ ತೊಂದರೆಯಿದ್ದರೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು. ಕುದಿಸಿದರೆ ಸಾಕೆಂದುಕೊಳ್ಳುವಂತಿಲ್ಲ; ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.