ಬಣ್ಣ ಬಳಿದರೆ ಸ್ಟೀಮ್ ಎಂಜಿನ್ ಓಡುವುದಿಲ್ಲ

ಸಿಡ್ನಿಯ ಹ್ಯಾರಿಸ್ ಪಾರ್ಕ್‌ನ ವಿಗ್ರಾಮ್ ಸ್ಟ್ರೀಟಿನಲ್ಲಿ ಊಟ ಮುಗಿಸಿ ಸ್ಟೇಷನ್ನಿಗೆ ನಡೆಯುವಾಗ, ಮೈಸೂರಿನಿಂದ ಬಂದಿದ್ದ ಸೋದರಮಾವ ಮತ್ತೆ ಅದೇ ಮಾತು ತೆಗೆದರು. "ನಮ್ಮ ರೈಲ್ವೆ ಮ್ಯೂಸಿಯಂನಲ್ಲಿ ಸ್ಟೀಮ್ ಎಂಜಿನ್ನುಗಳು ನಿಂತಿವೆಯಲ್ಲ, ತುಕ್ಕು ಕೆರೆದು, ಎಣ್ಣೆ ಬಿಟ್ಟು, ಕಲ್ಲಿದ್ದಲು ಹಾಕಿದ್ರೆ ಓಡ್ತವೆ ಕಣೋ. ಹಳೇ ಕಾಲದ ಯಂತ್ರ, ಕೆಡೋಕೆ ಏನಿದೆ ಅದರಲ್ಲಿ?" ಈ ಮಾತು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ.

ಕೆಡುವುದು ಬಾಯ್ಲರ್. ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡದಲ್ಲಿ. ಇಲ್ಲಿಂದ ಮುಂದಿನ ಸ್ಟೇಷನ್ ಗ್ರ್ಯಾನ್‌ವಿಲ್. ಅಲ್ಲಿ ಕ್ಲೈಡ್ ಎಂಜಿನಿಯರಿಂಗ್ ಕಂಪನಿ ಕಟ್ಟಿದ, 1943ರಲ್ಲಿ ಹಳಿಗಿಳಿದ 3801 ಎಂಜಿನ್ನಿನ ಒತ್ತಡ 245 ಪೌಂಡ್. ಆ ಒತ್ತಡದಲ್ಲಿ ನೀರು ಕುದಿಯಬೇಕಾದರೆ 200 ಡಿಗ್ರಿ ದಾಟಬೇಕು. ಉಕ್ಕಿನ ತಗಡು ಎಲ್ಲಾದರೂ ಬಾಯಿಬಿಟ್ಟರೆ ಆ ನೀರು ಕ್ಷಣದಲ್ಲಿ ಉಗಿಯಾಗಿ ಸಿಡಿಯುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳಕ್ಕೆ ಕೂರುವ ಬಿಳಿ ಪೊರೆ ಬಾಯ್ಲರಿನೊಳಗೂ ಕೂರುತ್ತದೆ. ಅದರ ಹಿಂದೆ ಉಕ್ಕು ಸವೆದಿರುವುದು ಹೊರಗಿನಿಂದ ಕಾಣುವುದಿಲ್ಲ. ಬೆಂಕಿಗೂಡಿನ ಗೋಡೆಯನ್ನು ಹೊರಗಿನ ಕವಚಕ್ಕೆ ಬಿಗಿದಿಡುವ ಸ್ಟೇ ಬೋಲ್ಟುಗಳೇ ನೂರಾರು. ಪರೀಕ್ಷೆ ಮಾಡುವವರು ಬೆಂಕಿಗೂಡಿನೊಳಗೆ ತೂರಿಕೊಂಡು ಒಂದೊಂದಕ್ಕೂ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಇದ್ದದ್ದು ಠಣ್ ಎನ್ನುತ್ತದೆ, ಮುರಿದದ್ದು ಮಂದವಾಗಿ ದಪ್ ಎನ್ನುತ್ತದೆ.

ಆ 3801 ಎಂಜಿನ್ ಬಾಯ್ಲರ್ ಕೆಲಸಕ್ಕೆಂದು ನಿಂತದ್ದು 2007ರಲ್ಲಿ. ಜರ್ಮನಿಯಲ್ಲಿ ಮಾಡಿಸಿದ ಹೊಸ ಬಾಯ್ಲರ್ 2010ರಲ್ಲಿ ಬಂತು. ದೋಷ ಕಂಡು, ತಿದ್ದಿಸಲು ಮತ್ತೆ ಜರ್ಮನಿಗೇ ಕಳಿಸಬೇಕಾಯಿತು. ಕೊನೆಗೆ ಹಳೆಯ ಬಾಯ್ಲರನ್ನೇ ದುರಸ್ತಿ ಮಾಡಿ, 2021ರ ಮಾರ್ಚ್‌ನಲ್ಲಿ ಎಂಜಿನ್ ಮತ್ತೆ ಪ್ರಯಾಣಿಕರನ್ನು ಎಳೆಯಿತು. ಸರ್ಕಾರದ ಬೆಂಬಲ, ನುರಿತ ಕೈಗಳು ಎಲ್ಲ ಇದ್ದೂ 14 ವರ್ಷ!

ಟಿಕೆಟ್ ದುಡ್ಡಿನಲ್ಲೇ ಖರ್ಚು ಹುಟ್ಟುತ್ತದೆ ಎನ್ನುವವರು ಮೆಲ್ಬರ್ನ್‌ನ ಪಫಿಂಗ್ ಬಿಲ್ಲಿಗೆ ಹೋಗಿ ಬರಲಿ, ಅಷ್ಟು ಜನ ಬರುವ ಆ ರೈಲಿಗೂ ನೂರಾರು ಸ್ವಯಂಸೇವಕರ ಬಿಟ್ಟಿ ದುಡಿಮೆ ಬೇಕು. ಬೆಂಕಿ ಹಚ್ಚಿದ ಕೂಡಲೇ ಹೊರಡುತ್ತದೆ ಎಂಬುದೂ ಸುಳ್ಳು. ತಣ್ಣಗಿನ ಬಾಯ್ಲರನ್ನು ಗಂಟೆಗಟ್ಟಲೆ ನಿಧಾನವಾಗಿ ಕಾಯಿಸದಿದ್ದರೆ ಜೋಡಣೆಗಳು ಸಡಿಲುತ್ತವೆ. ಬಿಡಿಭಾಗ ಗುಜರಿಯಲ್ಲಿ ಸಿಗುವುದಿಲ್ಲ, ಅಚ್ಚು ಮಾಡಿಸಿ ಎರಕ ಹೊಯ್ಯಿಸಬೇಕು. ನೀಲಗಿರಿಯ ರೈಲಿಗೆ ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಹೊಸ ಎಂಜಿನ್ನುಗಳನ್ನೇ ಕಟ್ಟಿದರು.

ನನ್ನ ಸಿಟ್ಟು ಮಾವನ ಮೇಲಲ್ಲ. ಹಳೆಯದು ಎಂದರೆ ಸುಲಭದ್ದು ಎಂದು ನಾವೆಲ್ಲ ಯೋಚನೆ ಮಾಡದೆ ನಂಬುತ್ತೇವೆ. ಎಂಜಿನ್ ಹೊಗೆ ಬಿಡುವ ಅರ್ಧ ನಿಮಿಷದ ವಿಡಿಯೋ ಹತ್ತು ಗುಂಪಿಗೆ ಹೋಗುತ್ತದೆ. ಆ ಬಾಯ್ಲರ್ ಪರೀಕ್ಷೆ ಮಾಡಿದವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಕಂಚು ಕೆಲಸ, ನೇಯ್ಗೆ, ಕೆರೆ ತೂಬು, ಎಲ್ಲದರ ಬಗ್ಗೆಯೂ ಇದೇ ಉಡಾಫೆ.

"ಹಂಗಾದ್ರೆ ನಮ್ಮವನ್ನ ಏನು ಮಾಡೋದು?" ಎಂದರು ಮಾವ, ರೈಲು ಹತ್ತಿದ ಮೇಲೆ.

"ಮೊದಲು ಮೇಲೊಂದು ಸೂರು ಮಾಡಿಸಬೇಕು ಮಾವ, ಒಳಗೆ ಮಳೆನೀರು ನಿಲ್ಲಬಾರದು. ಆಮೇಲೆ ಅಶೋಕಪುರಂ ವರ್ಕ್‌ಶಾಪಿನಲ್ಲಿ ಬಾಯ್ಲರ್ ತಟ್ಟಿದ ಹಿರಿಯರು ಯಾರಾದರೂ ಇದ್ದರೆ, ಈ ವರ್ಷವೇ ಹೋಗಿ ಅವರನ್ನು ಮಾತಾಡಿಸಿ, ರೆಕಾರ್ಡ್ ಮಾಡಿಡಿ."