ಕಡಲಿಲ್ಲದ ಊರಿನಲ್ಲಿ ಕಡಲ ನೀರು

ಹೋಟಗಿಯವರಾದ ನಮಗೆ ಸಮುದ್ರವೆಂಬುದು ರೈಲುದಾರಿಯ ಕೊನೆಯಲ್ಲಿ ಸಿಗುವ ವಸ್ತು. ಮುಂಬಯಿಗೆ ಹೋಗಿಬಂದ ಹಿರಿಯರು ಹೇಳುತ್ತಿದ್ದ ಸುದ್ದಿಗಳಲ್ಲಿ 1951ರಲ್ಲಿ ಆರಂಭವಾದ ತಾರಾಪೋರವಾಲಾ ಮತ್ಸ್ಯಾಲಯದ್ದೊಂದು ತಪ್ಪದೆ ಇರುತ್ತಿತ್ತು. ಆದರೆ ಆ ಮತ್ಸ್ಯಾಲಯದ ಎದುರಿಗೇ ಕಡಲಿತ್ತು. ಅಲ್ಲಿಂದ ರೈಲಿನಲ್ಲಿ ಸುಮಾರು 450 ಕಿಲೋಮೀಟರ್ ಒಳನಾಡಿಗೆ ಬಂದು, ನಲ್ಲಿಯ ನೀರಿಗೆ ದಿನಗಟ್ಟಲೆ ಕಾದು ಕುಳಿತಿರುವ ಸೊಲ್ಲಾಪುರದಲ್ಲಿ ಕಡಲಮೀನಿನ ಅಂಗಡಿ ತೆರೆಯುತ್ತೇನೆಂದು ನಮ್ಮ ಅಣ್ಣನ ಮಗ ಹೊರಟಾಗ, ಮನೆಯಲ್ಲಿ ಯಾರೂ ಅವನ ಬೆನ್ನು ತಟ್ಟಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನೂರು ಲೀಟರಿನ ಹತ್ತು ಗಾಜಿನ ತೊಟ್ಟಿಗಳು; ಪ್ರತಿಯೊಂದಕ್ಕೂ ಒಂದು ಪುಟ್ಟ ಫಿಲ್ಟರ್. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ದೀಪಾವಳಿ ಸಮೀಪಿಸಿತು. ಅಂಗಡಿ ಲಕಲಕಿಸಲೆಂದು ಅವನು ಒಂದೇ ದಿನ ಹತ್ತೂ ಫಿಲ್ಟರುಗಳ ಸ್ಪಂಜು, ಕಲ್ಲುಗಳನ್ನು ಹೊರತೆಗೆದು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದ. ಮೂರನೆಯ ದಿನ ನಮಗೆ ಕರೆ ಬಂತು.

“ಕಾಕಾ, ನೀರ ಕನ್ನಡಿಹಂಗ ಐತಿ. ಆದ್ರೂ ಮೀನ ಸಾಯಾಕತ್ತಾವ.”

ನಾವು ಹೋಗಿ ನೋಡಿದೆವು. ನೀರು ನಿಜವಾಗಿಯೂ ಕನ್ನಡಿಯಂತಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುತ್ತಿದ್ದವು. ಸಾಲ ಮಾಡಿ ತಂದ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ವಾರವೇ ಹೋಯಿತು.

ಅವನು ತೊಳೆದುಹಾಕಿದ್ದು ಕೊಳೆಯನ್ನಷ್ಟೇ ಅಲ್ಲ. ಮೀನು ತಿಂದುಳಿದ ಆಹಾರದಿಂದಲೂ ಅದರ ಉಸಿರು ಮತ್ತು ಮಲದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಕಡಲ ನೀರು ಸ್ವಭಾವದಿಂದಲೇ ಕ್ಷಾರೀಯವಾದುದರಿಂದ ಅಲ್ಲಿ ಆ ವಿಷದ ತೀಕ್ಷ್ಣತೆ ಸಿಹಿನೀರಿಗಿಂತ ಹೆಚ್ಚು. ಸೆಕೆ ಏರಿದಂತೆ ಇನ್ನೂ ಹೆಚ್ಚು. ಸ್ಪಂಜು ಕಲ್ಲುಗಳ ಮೇಲೆ ನೆಲೆಸುವ ಸೂಕ್ಷ್ಮಜೀವಿಗಳ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟಿಗೂ, ಮತ್ತೊಂದು ಗುಂಪು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟಿಗೂ ತಿರುಗಿಸುತ್ತವೆ. ನಲ್ಲಿಯ ನೀರಿನ ಕ್ಲೋರಿನ್ ಮತ್ತು ತಮ್ಮನ ಉಜ್ಜುವ ಕೈ ಎರಡೂ ಸೇರಿ ಈ ಕೆಲಸಗಾರರನ್ನು ಒಂದೇ ದಿನದಲ್ಲಿ ಅಳಿಸಿದ್ದವು.

ಇದನ್ನು ಜಗತ್ತು ಕಲಿತದ್ದು ಚರಂಡಿಯ ನೀರಿನಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯಲ್ಲಿ ಕೊಳಚೆನೀರನ್ನು ಮೆಲ್ಲನೆ ಇಳಿಬಿಟ್ಟರು. ಸುಣ್ಣಕಲ್ಲೆಂದರೆ ನಮ್ಮ ಮನೆಗಳ ಶಹಾಬಾದ ಹಾಸುಗಲ್ಲಿನ ಜಾತಿಯದೇ. ಸುಮಾರು ಇಪ್ಪತ್ತು ದಿನ ಅಮೋನಿಯಾ ಹೋದ ಹಾಗೆಯೇ ಕೆಳಗೆ ಬಂತು. ಬಳಿಕ ನೈಟ್ರೇಟ್ ಕಾಣಿಸತೊಡಗಿತು. ಕ್ಲೋರೊಫಾರ್ಮ್ ಆವಿ ಹಾಯಿಸಿದರು, ಕೆಲಸ ನಿಂತಿತು. ಹಿಡಿ ಮಣ್ಣು ಕಲಸಿದ ನೀರು ಹೊಯ್ದರು; ಮತ್ತೆ ಆರಂಭವಾಯಿತು. ಮಾಡುತ್ತಿರುವುದು ಮರಳಲ್ಲ, ಮರಳಿನಲ್ಲಿರುವ ಜೀವ ಎಂಬುದು ಹೀಗೆ ತಿಳಿಯಿತು. ಆ ಇಪ್ಪತ್ತು ದಿನಗಳ ಕಾಯುವಿಕೆಯೇ ಇಂದಿಗೂ ಮೀನಿನ ಅಂಗಡಿಗಳವರಿಗೆ ಬೇಡವಾದ ಮಾತು.

ಹೊಸದಾಗಿ ಕಟ್ಟುವಾಗ ಹತ್ತು ಪುಟ್ಟ ಫಿಲ್ಟರುಗಳ ಬದಲು ಕೆಳಗೆ ಒಂದೇ ದೊಡ್ಡ ಸಂಪು ಇರಲೆಂದು ನಿರ್ಧರಿಸಿದೆವು. ಈ ವಿಚಾರವೂ ಹಳೆಯದು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮತ್ಸ್ಯಾಲಯಕ್ಕೆ, ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ಜಲಾಶಯವನ್ನು ನೆಲದಡಿಯಲ್ಲಿ ಕಟ್ಟಿಸಿ, ಅದೇ ನೀರನ್ನು ಹಗಲಿರುಳೂ ತಿರುಗಿಸುತ್ತಿದ್ದ. ಅಷ್ಟು ಜಾಗ ನಮಗೆಲ್ಲಿಯದು? ಎರಡು ಸಾವಿರ ಲೀಟರಿಗೆ ಐದುನೂರು ಲೀಟರಿನ ಸಂಪು ಸಾಕೆಂದುಕೊಂಡೆವು.

ಸಂಪಿನಲ್ಲಿ ಮೊದಲು ಬಟ್ಟೆಯ ಚೀಲ. ದಪ್ಪ ಕಸವೆಲ್ಲ ಅದರಲ್ಲಿ. ಅದನ್ನು ಎರಡು ಮೂರು ದಿನಕ್ಕೊಮ್ಮೆ ತೊಳೆಯಲೇಬೇಕು, ಅಲ್ಲಿಯೇ ಕೊಳೆತರೆ ಪ್ರಯೋಜನವಿಲ್ಲ. ಬಳಿಕ ಸ್ಕಿಮ್ಮರ್. ಗಾಣದಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೇರುವ ನೊರೆಯ ಮಡ್ಡಿಯನ್ನು ಜಾಲರಿಯಿಂದ ತೆಗೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕುದಿತದ ಬದಲು ಅತಿ ಸಣ್ಣ ಗಾಳಿಗುಳ್ಳೆಗಳು. ಮೀನಿನ ಜಿಗುಟುಮಲಿನ ಅವಕ್ಕಂಟಿ ಮೇಲೇರಿ ಬಟ್ಟಲಿನಲ್ಲಿ ಕಂದುನೀರಾಗಿ ಇಳಿಯುತ್ತದೆ. ಅಮೋನಿಯಾ ಆಗುವ ಮೊದಲೇ ಕಸ ಹೊರಗೆ ಹೋಯಿತು. ಕೊನೆಗೆ ರಂಧ್ರಮಯವಾದ ಸಿರಾಮಿಕ್ ತುಂಡುಗಳ ಖಾನೆ, ಸೂಕ್ಷ್ಮಜೀವಿಗಳ ವಠಾರ. ಹೊರದೇಶದ ಪುಸ್ತಕಗಳು ಇಲ್ಲಿ ಹವಳದ ದಿಬ್ಬದಿಂದ ತಂದ ಕಲ್ಲನ್ನು ಹೊಗಳುತ್ತವೆ. ನಮ್ಮಲ್ಲಿ ಹವಳಗಳೂ ಕಡಲಕುದುರೆಯೂ 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಆ ಆಸೆಯನ್ನು ಬಿಟ್ಟುಬಿಡಬೇಕು.

ಒಂದು ತಪ್ಪನ್ನು ನಾವೇ ಮಾಡಿದೆವು. ಸಂಪನ್ನು ಕಂಠದವರೆಗೆ ತುಂಬಿಸಿ ಹೆಮ್ಮೆಪಟ್ಟೆವು. ಆ ಸಂಜೆಯೇ ವಿದ್ಯುತ್ತು ಹೋಯಿತು, ಪಂಪು ನಿಂತಿತು, ಹತ್ತೂ ತೊಟ್ಟಿಗಳ ಮೇಲುಮಟ್ಟದ ನೀರು ಕೊಳವೆಗಳಲ್ಲಿ ಇಳಿದುಬಂದು ಸಂಪು ಉಕ್ಕಿ, ನೆರೆಯ ಚಾದರದ ಅಂಗಡಿಯ ಹೊಸ್ತಿಲವರೆಗೆ ಉಪ್ಪುನೀರು ಹರಿಯಿತು. ಪಂಪು ನಿಂತಾಗ ಇಳಿದುಬರುವಷ್ಟು ನೀರಿಗೆ ಸಂಪಿನಲ್ಲಿ ಸದಾ ತೆರಪಿರಬೇಕು. ಜೊತೆಗೆ ಬ್ಯಾಟರಿಯ ಗಾಳಿಯಂತ್ರವೂ ಬೇಕು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ ಆಮ್ಲಜನಕವನ್ನು ಹಿಡಿಯುತ್ತದೆ, ಅದರ ಮೇಲೆ ನಮ್ಮ ಊರಿನ ಏಪ್ರಿಲ್ ಮೇ ತಿಂಗಳ ಬಿಸಿಲು.

ಎಲ್ಲ ತೊಟ್ಟಿಗಳಿಗೂ ಒಂದೇ ನೀರೆಂದರೆ ಒಂದರ ರೋಗ ಹತ್ತಕ್ಕೂ ಎಂಬುದನ್ನು ಮರೆಯಬಾರದು. ಬಿಳಿಚುಕ್ಕೆಯ ರೋಗಾಣು ಮೀನನ್ನು ಬಿಟ್ಟು ನೀರಿನಲ್ಲಿಯೂ ತಿರುಗುತ್ತದೆ. ಆದುದರಿಂದ ಹೊಸದಾಗಿ ಬಂದ ಮೀನಿಗೆ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್ಟು. ಕನಿಷ್ಠ ಒಂದು ತಿಂಗಳು ಅಲ್ಲಿಯೇ ವಾಸ. ತಾಮ್ರದ ಔಷಧ ಕೊಡಬೇಕಾದರೆ ಅಲ್ಲಿಯೇ ಕೊಡಬೇಕು. ಸೀಗಡಿಗಳಿಗೆ ಅದು ಯಮ.

ಇನ್ನು ನೀರು. ನಮ್ಮ ಕೊಳವೆಬಾವಿಯ ಸವಳು ನೀರೇ ಸಾಲದೇ ಎಂದು ಕೇಳಿದವರುಂಟು! ಸವಳು ಬೇರೆ, ಸಮುದ್ರ ಬೇರೆ. ಲೀಟರಿಗೆ ಸುಮಾರು 35 ಗ್ರಾಂ ಲವಣ, ಅದರಲ್ಲಿ ಅಡಿಗೆಯುಪ್ಪಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಗೊತ್ತಾದ ಪ್ರಮಾಣದಲ್ಲಿರಬೇಕು. ಶುದ್ಧೀಕರಿಸಿದ ನೀರಿಗೆ ಸಿದ್ಧ ಲವಣವನ್ನು ಕಲಸುತ್ತಾರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹೋಗದು. ಅದನ್ನು ತುಂಬಲು ಸಿಹಿನೀರನ್ನೇ ಹಾಕಬೇಕು. ಶುದ್ಧೀಕರಣದ ಯಂತ್ರ ಹೊರಚೆಲ್ಲುವ ನೀರೇ ದೊರೆಯುವುದಕ್ಕಿಂತ ಹೆಚ್ಚು. ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಇದು ಸರಿಯೇ ಎಂಬ ಪ್ರಶ್ನೆ ನಮ್ಮನ್ನು ಕಾಡಿತು. ಆ ನೀರನ್ನು ಪೀಪಾಯಿಯಲ್ಲಿ ಹಿಡಿದು ನೆಲ ತೊಳೆಯಲು ಬಳಸಬೇಕೆಂಬ ಕರಾರಿನ ಮೇಲೆ ಒಪ್ಪಿದೆವು. ಫಿಲ್ಟರು ಚೆನ್ನಾಗಿದ್ದಷ್ಟೂ ನೀರು ಬದಲಿಸುವುದು ಕಡಿಮೆಯಾಗುತ್ತದೆ. ಈ ಎಲ್ಲ ಖರ್ಚಿಗೆ ನಮ್ಮ ಮನಸ್ಸು ಒಲಿದದ್ದು ಅದಕ್ಕಾಗಿಯೇ.

ಈ ಸಲ ಮೀನಿಲ್ಲದೆಯೇ ತೊಟ್ಟಿಗಳು ಓಡಿದವು. ಕಲಾಯಿಯವರು ಬಳಸುವ ನವಸಾಗರವಿದೆಯಲ್ಲ, ಅದೇ ಜಾತಿಯ ಶುದ್ಧ ಲವಣವನ್ನು ಚಿಟಿಕೆಯಷ್ಟು ಹಾಕಿ ಸೂಕ್ಷ್ಮಜೀವಿಗಳಿಗೆ ಉಣಬಡಿಸಿದೆವು. ದಾರಿಹೋಕರು ಒಳಗೆ ಇಣುಕಿ, “ಏನ್ ತಮ್ಮಾ, ಬರೇ ನೀರ ಮಾರ್ತೀಯೇನು?” ಎಂದು ನಗುತ್ತಿದ್ದರು. ಅವನು ಪರೀಕ್ಷೆಯ ಶೀಶೆಯ ಬಣ್ಣವನ್ನು ದಿನವೂ ವಹಿಯಲ್ಲಿ ಬರೆದಿಟ್ಟ. ಮೊದಲು ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿ ಬಹಳ ದಿನ ಹಟ ಹಿಡಿದು ನಿಂತಿತು. ಆರನೆಯ ವಾರದಲ್ಲಿ, ಹಿಂದಿನ ದಿನ ಹಾಕಿದ ನವಸಾಗರದ ಕುರುಹು ಮರುದಿನ ಎರಡೂ ಶೀಶೆಗಳಲ್ಲಿ ಇರಲಿಲ್ಲ.

ಕಡಲಿನಿಂದ ಹಿಡಿದು ತಂದವುಗಳ ಬದಲು, ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಎರಡು ಕ್ಲೌನ್ ಮೀನುಗಳನ್ನು ಅವನು ಮೊದಲು ತರಿಸಿದ. ಇವುಗಳ ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರ ಕಡಲಮೀನು ಸಂಶೋಧನ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ಸಾಧಿಸಿದ್ದಾರೆ. ಬೇರೆ ತೊಟ್ಟಿಯ ತಿಂಗಳು ಮುಗಿಸಿ ಅವು ಈಗ ಮೂರನೆಯ ತೊಟ್ಟಿಯಲ್ಲಿವೆ. ಮಾರುವುದಕ್ಕಲ್ಲವಂತೆ.