ನಾಯಿಮರಿಗೆ ಹಿಂಸೆ ಕೊಟ್ಟರೆ ದಂಡ ಎಷ್ಟು? ಐವತ್ತು ರೂಪಾಯಿ!

ಹಿಂಜೆವಾಡಿ, ವಾಕಡ್ ಕಡೆಯ ನಮ್ಮ ಕನ್ನಡದವರು ಕೇಳೋ ಪ್ರಶ್ನೆ: "ಲ್ಯಾಬ್ ಮರಿಯನ್ನ ಬೆಂಗಳೂರಿಂದ ಬಸ್ಸಲ್ಲಿ ಹಾಕಿ ಕಳಿಸ್ತಾರಂತೆ, ತಗೊಳ್ಳಬಹುದಾ?"

ಯೋಚನೆ ಮಾಡಿ. ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್, ಇಡೀ ರಾತ್ರಿ, ರಟ್ಟಿನ ಡಬ್ಬಿ, ಬಸ್ಸಿನ ಡಿಕ್ಕಿ. ಪ್ರಾಣಿಗೆ ಹಿಂಸೆಯಾಗೋ ಹಾಗೆ ಸಾಗಿಸೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅಂದ್ರೆ ಎರಡು ವಡಾಪಾವ್ ದುಡ್ಡು! 3 ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸಾವಿರಗಟ್ಟಲೆಗೆ ಮರಿ ಮಾರೋನಿಗೆ ಇದು ಶಿಕ್ಷೆಯಲ್ಲ, ಸಾಗಾಟದ ಖರ್ಚು.

ತೊಡಕು ಇನ್ನೂ ಇದೆ. ಇದಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸೋ ಹಾಗಿಲ್ಲ. 36ನೇ ಸೆಕ್ಷನ್ ಪ್ರಕಾರ 3 ತಿಂಗಳು ದಾಟಿದರೆ ಮೊಕದ್ದಮೆಯನ್ನೇ ಹೂಡೋಕಾಗಲ್ಲ.

2017ರ ನಿಯಮಗಳು ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, 8 ವಾರ ತುಂಬದ ಮರಿ ಮಾರಬಾರದು ಅನ್ನುತ್ತವೆ. ತಪ್ಪಿದರೆ ನೋಂದಣಿ ರದ್ದು. ನೋಂದಣಿಯೇ ಇಲ್ಲದವನದ್ದು ಏನು ರದ್ದು ಮಾಡ್ತೀರಿ?

ಶಿಕ್ಷೆ ಬಿಗಿಯಾಗಬೇಕೆಂದು 2014ರಲ್ಲಿ, ಜಲ್ಲಿಕಟ್ಟು ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ತಿದ್ದುಪಡಿಯ ಕರಡೂ ಬಂತು.

ಅಲ್ಲಿವರೆಗೆ ಈ ವ್ಯಾಪಾರಕ್ಕೆ ನಿಜವಾದ ದಂಡ ಹಾಕೋರು ಕೊಳ್ಳುವ ನಾವೇ. ನೋಂದಣಿ ಪತ್ರ ಕೇಳಿ, ತಾಯಿನಾಯಿಯನ್ನು ಕಣ್ಣಾರೆ ನೋಡಿ. ಪಾರ್ವೊ ಸೋಂಕು ತಗುಲಿದ ಮರಿ ಮೊದಲ ಕೆಲವು ದಿನ ಚೆನ್ನಾಗೇ ಕಾಣುತ್ತೆ, ಆಮೇಲೆ ಮಲಗುತ್ತೆ. "ಬಸ್ಸಲ್ಲಿ ಹಾಕ್ತೀನಿ" ಅಂದರೆ ಬೇಡ ಅನ್ನಿ. ಡಿಕ್ಕಿಯಲ್ಲಿ ಮರಿ ಕಂಡರೆ ಬಸ್ ನಂಬರಿನ ಫೋಟೋ ತೆಗೆದು ಅವತ್ತೇ ದೂರು ಕೊಡಿ.